ಕಮಾನು ಕುಸಿದ ಗಾಡಿ

ಗೂಡಲೂರು ಎಂಬ ಹೆಸರಿಗೆ ‘ಕೂಡಲ್’ ಮೂಲವೆಂಬ ವಿವರಣೆ ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ಕೃಷ್ಣೆ ಮಲಪ್ರಭೆಯರು ಸೇರುವ ಕೂಡಲಸಂಗಮವನ್ನು ಬಲ್ಲ ಕನ್ನಡಿಗನಿಗೆ ಈ ವಿವರಣೆಯನ್ನು ಒಪ್ಪುವುದು ಕಷ್ಟವಾಗದು. ಗೂಡಲೂರಿನಲ್ಲಿ ಕಣ್ಣಿಗೆ ಕಾಣುವಂತೆ ಕೂಡುವುವು ದಾರಿಗಳು. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡುಗಳನ್ನು ದಾಟಿ ಬರುವ ದಾರಿಯೊಂದು. ಉದಕಮಂಡಲದಿಂದ ಪೈಕಾರ, ನಡುವಟ್ಟಂ ಮೂಲಕ ಇಳಿದು ಬರುವ ದಾರಿ ಇನ್ನೊಂದು. ನಾಡುಕಾಣಿಯಿಂದ ನಿಲಂಬೂರಿನತ್ತ ಧುಮುಕುವುದು ಮತ್ತೊಂದು. ದೇವರಶೋಲೆಯ ಕಡೆಯಿಂದ ಸುಲ್ತಾನ್ ಬತ್ತೇರಿಗೆ ಸಾಗುವುದು ಮಗುದೊಂದು. 1877ರಲ್ಲಿ ವಯನಾಡಿನ ಆಗ್ನೇಯ ಭಾಗವನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿ ಜಿಲ್ಲೆಗೆ ಸೇರಿಸಿದ ಮೇಲೆಯೂ ಊರಿನ ಬದುಕು ಮೂರು ನಾಡುಗಳ ಸಂತೆಯಾಗಿಯೇ ಉಳಿಯಿತು. ಇಂದು ಆ ಸಂತೆಯ ಸರಕನ್ನು ಹೊರುವುದು ಬಹುಮಟ್ಟಿಗೆ ಪಿಕಪ್ ಗಾಡಿ.

ತೆರಕಣಾಂಬಿಯ ತರಕಾರಿ, ಗುಂಡ್ಲುಪೇಟೆಯ ಬಾಳೆ, ಸಣ್ಣ ಬೆಳೆಗಾರರ ತೋಟಗಳಿಂದ ಕಾರ್ಖಾನೆಗೆ ಹೋಗುವ ಹಸಿ ಚಹಾ ಎಲೆ, ಶುಂಠಿಯ ಮೂಟೆ, ಸಿಮೆಂಟು, ಮದುವೆಮನೆಯ ಪಾತ್ರೆ, ಕೆಲವೊಮ್ಮೆ ಮದುವೆಮನೆಯ ಜನ, ಎಲ್ಲಕ್ಕೂ ಅದೇ ಗಾಡಿ. ಲಾರಿ ನುಗ್ಗದ ತೋಟದ ಮಣ್ಣುದಾರಿಗೆ ಅದು ನುಗ್ಗುತ್ತದೆ. ಆಟೋ ಹೊರದ ಭಾರವನ್ನು ಅದು ಹೊರುತ್ತದೆ. ಇಷ್ಟೆಲ್ಲ ಹೊರುವ ಗಾಡಿಯ ಸೊಂಟ ಯಾವಾಗ ಸೋತಿತು ಎಂಬುದನ್ನು ಅರಿಯುವ ಬಗೆಯೇ ಈ ಪ್ರಬಂಧದ ವಸ್ತು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಗ್ಯಾರೇಜಿನ ಮಾತೇಕೆಂದು ಯಾರಾದರೂ ಹುಬ್ಬೇರಿಸಿದರೆ, ಆ ಸೊಂಟದ ಹೆಸರುಗಳಿಂದಲೇ ಮೊದಲು ಮಾಡಬಹುದು.

ಮೈಸೂರು ಸೀಮೆಯ ಗ್ಯಾರೇಜಿನಲ್ಲಿ ಅದಕ್ಕೆ ಪ್ಲೇಟು, ಬ್ಲೇಡು, ಪಟ್ಟೆ ಎನ್ನುವವರಿದ್ದಾರೆ. ಕಮಾನು ಎನ್ನುವವರೂ ಇದ್ದಾರೆ. ಕಮಾನು ಪಾರಸಿಯಿಂದ ಬಂದ ಮಾತು, ಮೂಲಾರ್ಥ ಬಿಲ್ಲು. ಕನ್ನಡದಲ್ಲಿ ಅದು ಹೆಬ್ಬಾಗಿಲಿನ ಮೇಲೆ ಬಾಗಿ ನಿಂತಿತು, ಪಿಟೀಲಿನ ತಂತಿಯ ಮೇಲೆ ಆಡಿತು, ಕಡೆಗೆ ಗಾಡಿಯ ಅಡಿಗೂ ಹೋಗಿ ಮಲಗಿತು. ತಮಿಳಿನ ‘ವಿಲ್’ ನಮ್ಮ ಬಿಲ್ಲಿನ ಸೋದರಿ; ಸ್ಪ್ರಿಂಗ್ ಇರುವ ಎತ್ತಿನ ಗಾಡಿಗೆ ಅಲ್ಲಿ ‘ವಿಲ್ ವಂಡಿ’ ಎಂದೇ ಹೆಸರು. ಮಲಯಾಳದಲ್ಲಿ ಅದು ‘ವಿಲ್ಲುವಂಡಿ’. 1893ರಲ್ಲಿ ತಿರುವಾಂಕೂರಿನ ಅಯ್ಯಂಕಾಳಿ, ದಲಿತರಿಗೆ ನಿಷಿದ್ಧವಾಗಿದ್ದ ಸಾರ್ವಜನಿಕ ದಾರಿಯಲ್ಲಿ ವಿಲ್ಲುವಂಡಿ ಏರಿ ಸಾಗಿದಾಗ ಆ ಪದ ಇತಿಹಾಸದೊಳಗೆ ಪ್ರವೇಶಿಸಿತು. ದಾರಿಯ ಹೊಡೆತ ಮೈಗೆ ತಾಗದಂತೆ ಕೂರುವುದು ಒಂದು ಕಾಲದಲ್ಲಿ ಕೆಲವರ ಹಕ್ಕು ಮಾತ್ರವಾಗಿತ್ತೆಂಬುದು ಆ ಒಂದು ಪದದಲ್ಲಿ ಉಳಿದಿದೆ. ಬೆಳಗಾವಿ, ನಿಪ್ಪಾಣಿಗಳ ಕಡೆಗೆ ಹೋದರೆ ಅದೇ ಉಕ್ಕಿನ ತುಂಡು ‘ಪಾಟಾ’. ಮರಾಠಿ ಮನೆಗಳಲ್ಲಿ ಮಸಾಲೆ ಅರೆಯುವ ಚಪ್ಪಟೆ ಕಲ್ಲಿಗೂ ಪಾಟಾ ಎಂದೇ ಹೆಸರು. ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ‘ಪಾಟಾ ಕಟ್ ಆಗಿ ಬಸ್ಸು ಪಲ್ಟಿ’ ಎಂಬ ಸುದ್ದಿಯನ್ನು ಓದಿದ ಮೈಸೂರಿನ ವಿದ್ಯಾರ್ಥಿ ಏನು ಮುರಿಯಿತೆಂದು ತಿಳಿಯದೆ ಉಳಿದರೆ ಆಶ್ಚರ್ಯವಿಲ್ಲ. 1894ರ ಕಿಟೆಲ್ ನಿಘಂಟಿನ ಕಾಲಕ್ಕೆ ಪಿಕಪ್ ಇರಲಿಲ್ಲವಾದ್ದರಿಂದ ಆ ಮಹನೀಯನನ್ನು ದೂರುವಂತೆಯೂ ಇಲ್ಲ.

ಹೆಸರು ಏನೇ ಇರಲಿ, ಅಲ್ಲಿರುವುದು ಎರಡು ಬಗೆಯ ಕೆಲಸ. ಹಿಂಬದಿಯ ಅಚ್ಚಿನ ಎರಡು ತುದಿಗಳ ಬಳಿ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟೆಗಳ ಕಟ್ಟು ಇರುತ್ತದೆ. ನಡುವೆ ಒಂದು ಬೋಲ್ಟು ಅವನ್ನು ಪೋಣಿಸುತ್ತದೆ. ಯು ಆಕಾರದ ಬೋಲ್ಟುಗಳು ಅವನ್ನು ಅಚ್ಚಿಗೆ ಬಿಗಿಯುತ್ತವೆ. ತುದಿಯ ಕಿವಿಗಳು ರಬ್ಬರಿನ ಬುಶ್‌ಗಳ ಮೂಲಕ ಚಾಸಿಗೆ ತೂಗುತ್ತವೆ. ಭಾರ ಬಿದ್ದಾಗ ಪಟ್ಟೆ ನೇರವಾಗುತ್ತದೆ, ಭಾರ ಇಳಿದಾಗ ಮತ್ತೆ ಬಾಗುತ್ತದೆ. ಬಾಗುವಿಕೆ ಭಾರಕ್ಕೆ ಅನುಪಾತವಾಗಿರುತ್ತದೆಂಬುದನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದ. ಆದರೆ ಪಟ್ಟೆಗೆ ತಾಳ್ಮೆ ಕಡಿಮೆ. ಒಮ್ಮೆ ಅದುಮಿದರೆ ತಾನಾಗಿ ಬೇಗ ಸುಮ್ಮನಾಗುವ ಸ್ವಭಾವ ಅದಕ್ಕಿಲ್ಲ. ಪಟ್ಟೆಗಳ ನಡುವಿನ ಉಜ್ಜಾಟ ಅದನ್ನು ತುಸು ತಡೆಯುತ್ತದೆ, ಅಷ್ಟೆ. ಅದನ್ನು ಸುಮ್ಮನಾಗಿಸಲು ಪಕ್ಕದಲ್ಲಿ ಎಣ್ಣೆ ತುಂಬಿದ ಕೊಳವೆಯೊಂದಿದೆ. ಅದು ಶಾಕ್ ಅಬ್ಸಾರ್ಬರ್. ಗೂಡಲೂರಿನಲ್ಲಿ ಬರಿಯ ‘ಶಾಕು’. ಒಳಗಿನ ಪಿಸ್ಟನ್ನು ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ತಳ್ಳುತ್ತ ಗಾಡಿಯ ಕುಣಿತವನ್ನು ಬಿಸಿಯಾಗಿ ಪರಿವರ್ತಿಸುತ್ತದೆ. ಪಟ್ಟೆ ಹೊರುತ್ತದೆ, ಶಾಕು ಸಂತೈಸುತ್ತದೆ. ಇವೆರಡರಲ್ಲಿ ಯಾವುದು ಸೋತರೂ ಚಕ್ರ ನೆಲದೊಂದಿಗಿನ ಒಡನಾಟವನ್ನು ಸಡಿಲಿಸುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಏನೂ ಪ್ರಯೋಜನವಿಲ್ಲ.

ಬಯಲುಸೀಮೆಯಲ್ಲಿ ಇದು ಅಷ್ಟಾಗಿ ಕಾಡದಿರಬಹುದು. ಗೂಡಲೂರಿನಲ್ಲಿ ಹಾಗಲ್ಲ. ಉದಕಮಂಡಲದಿಂದ ಸುಮಾರು 50 ಕಿಲೋಮೀಟರಿನ ದಾರಿಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಇಳಿತವಿದೆ. ಮಸಿನಗುಡಿಯ ಕಡೆಯ ಕಲ್ಹಟ್ಟಿ ಘಟ್ಟದಲ್ಲಿ 36 ಹೇರ್‌ಪಿನ್ ತಿರುವುಗಳು. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದಾದ ದೇವಾಲ ಇದೇ ಸೀಮೆಯಲ್ಲಿದೆ. ಆ ಮಳೆ ಡಾಂಬರಿಗೆ ಏನು ಮಾಡುತ್ತದೆಂಬುದನ್ನು ವರ್ಣಿಸಬೇಕಾಗಿಲ್ಲ. ಮೈಸೂರಿನ ದಾರಿಯಲ್ಲಿ, ಹಿಂದೆ 67 ಎಂದೂ ಈಗ 181 ಎಂದೂ ಕರೆಯುವ ಹೆದ್ದಾರಿಯಲ್ಲಿ, ಮುದುಮಲೆ ಬಂಡೀಪುರಗಳ ಕಾಡಿನ ನಡುವೆ ಕಾಡುಪ್ರಾಣಿಗಳ ರಕ್ಷಣೆಗೆಂದು ಉಬ್ಬುಗಳನ್ನು ಹಾಕಿದ್ದಾರೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ದಾರಿ ಮುಚ್ಚಿರುತ್ತದೆ. ಆನೆಗೂ ಜಿಂಕೆಗೂ ಅದು ಬೇಕಾದ ಕ್ರಮವೇ. ಆದರೆ ಎಂಟೂವರೆಗೆ ಗುಂಡ್ಲುಪೇಟೆಯ ಕಡೆಯಿಂದ ಕಾಡಂಚು ಸೇರಿದ ಚಾಲಕನಿಗೆ ಒಂದೊಂದು ಉಬ್ಬಿನಲ್ಲಿಯೂ ವೇಗವನ್ನು ಪೂರ್ತಿ ಇಳಿಸುವಷ್ಟು ವ್ಯವಧಾನ ಇರುವುದಿಲ್ಲ. ಹಿಂದೆ ಒಂದೂವರೆ ಟನ್ ಸರಕು, ಮುಂದೆ ಉಬ್ಬು, ಗಡಿಯಾರದಲ್ಲಿ ಒಂಬತ್ತು. ಆ ಅವಸರದ ಲೆಕ್ಕವೆಲ್ಲ ಪಟ್ಟೆಯ ಮೇಲೆ ಬೀಳುತ್ತದೆ.

ಗೂಡಲೂರಿನ ಒಬ್ಬ ಚಾಲಕನ ಗಾಡಿಗೆ ಹೀಗೆಯೇ ಆಯಿತು. ಗುಂಡ್ಲುಪೇಟೆಯ ಕಡೆಯಿಂದ ಎರಡು ತಲೆಮಾರಿನ ಹಿಂದೆ ಬಂದ ಮನೆತನ. ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ತಮಿಳು, ನಾಡುಕಾಣಿ ದಾಟಿದರೆ ಮಲಯಾಳ. ಗಾಡಿ ಸ್ವಂತದ್ದು, ಅಂದರೆ ಸಾಲದ ಕಂತು ಸ್ವಂತದ್ದು. ಹದಿನೆಂಟು ವರ್ಷ ಚಕ್ರ ಹಿಡಿದ ಕೈ. ಗಾಡಿಯ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲವನೆಂದು ಸ್ಟ್ಯಾಂಡಿನಲ್ಲಿ ಆತನಿಗೆ ಹೆಸರಿತ್ತು. ಆ ಹೆಸರೇ ಆತನಿಗೆ ಅಡ್ಡ ಬಂದಿತೆಂದು ಹೇಳಬಹುದು.

ಮೊದಲು ಬದಲಾದದ್ದು ದೀಪ. ಮಂಜಿನ ಬೆಳಗುಗಳಲ್ಲಿ ಎದುರಿನಿಂದ ಬರುವ ಬಸ್ಸುಗಳು ಆತನತ್ತ ದೀಪ ಮಿಣುಕಿಸತೊಡಗಿದುವು. ತನ್ನದು ಕೆಳದೀಪವೇ ಎಂದು ಆತ ಪ್ರತಿ ಸಲವೂ ನೋಡಿಕೊಂಡ, ಕೆಳದೀಪವೇ ಆಗಿತ್ತು. ಹಿಂಬದಿ ಕುಸಿದಾಗ ಮೂತಿ ಮೇಲೇಳುತ್ತದೆ, ಮೂತಿಯೊಂದಿಗೆ ಬೆಳಕೂ ಎದುರಿನವನ ಕಣ್ಣಿಗೆ ಏರುತ್ತದೆ. ಭಾರ ತುಂಬಿದಾಗ ತುಸು ಹೀಗಾಗುವುದು ಸಹಜ. ಖಾಲಿ ಗಾಡಿಯಲ್ಲಿಯೂ ಹೀಗಾದರೆ ಪಟ್ಟೆ ತನ್ನ ಬಾಗನ್ನು ಕಳೆದುಕೊಂಡಿದೆ ಎಂದರ್ಥ. ಆತ ಎದುರಿನ ಚಾಲಕರಿಗೆ ಶಿಸ್ತಿಲ್ಲವೆಂದು ತೀರ್ಮಾನಿಸಿದ.

ಆಮೇಲೆ ಎಡಕ್ಕೆ ಒಂದು ಸಣ್ಣ ವಾಲು ಬಂದಿತು. ಅದಕ್ಕೆ ಕಾರಣಗಳು ಆತನ ಬಳಿ ಸಿದ್ಧವಿದ್ದುವು: ಮಳೆನೀರು ಹರಿಯಲೆಂದು ರಸ್ತೆಯನ್ನೇ ಎಡಕ್ಕೆ ಇಳಿಜಾರಾಗಿ ಮಾಡಿರುತ್ತಾರೆ, ಹಮಾಲಿಗಳು ಮೂಟೆಯನ್ನು ಒಂದೇ ಬದಿಗೆ ಒಟ್ಟುತ್ತಾರೆ, ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆ. ಮೂರೂ ಸುಳ್ಳಲ್ಲ. ಅರೆನಿಜವಾದ ಕಾರಣಗಳಿಗಿಂತ ದೊಡ್ಡ ಮರೆ ಇನ್ನಾವುದೂ ಇಲ್ಲ. ಉಬ್ಬು ದಾಟಿದ ಮೇಲೆ ಹಿಂಬದಿ ಒಮ್ಮೆ ಏರಿಳಿದು ನಿಲ್ಲುತ್ತಿದ್ದದ್ದು ಮೂರು ಸಲ ತೂಗತೊಡಗಿತು. ಬ್ರೇಕು ಒತ್ತಿದರೆ ಮೂತಿ ನೆಲಕ್ಕೆ ತಲೆಬಾಗತೊಡಗಿತು. ನಡುವಟ್ಟದ ತಿರುವುಗಳಲ್ಲಿ ಮೈ ಹೊರಗೆ ಒಲೆದು, ಚಕ್ರವನ್ನು ತಿರುಗಿಸಿದ ಮೇಲೂ ಅರೆಕ್ಷಣ ತಡವಾಗಿ ಹಿಂಬಾಲಿಸತೊಡಗಿತು. ಇವೊಂದೂ ಒಂದೇ ದಿನದಲ್ಲಿ ಬಂದವಲ್ಲ. ಒಂದೊಂದು ಕೂದಲೆಳೆಯಷ್ಟು ಬಂದುವು. ಬಂದಷ್ಟನ್ನೂ ಆತನ ತೋಳು, ತೊಡೆ, ಕತ್ತು ತಮಗೆ ತಾವೇ ಸರಿದೂಗಿಸಿಕೊಂಡುವು. ತಿರುವಿಗೆ ತುಸು ಮೊದಲೇ ಚಕ್ರ ತಿರುಗಿಸುವುದನ್ನು ಕೈ ಕಲಿಯಿತು. ಬ್ರೇಕನ್ನು ತುಸು ಬೇಗನೆ ಒತ್ತುವುದನ್ನು ಕಾಲು ಕಲಿಯಿತು. ಗಾಡಿ ಕೆಡುತ್ತಿದ್ದಷ್ಟೂ ಚಾಲಕ ಕುಶಲನಾಗುತ್ತಿದ್ದ. ಆ ಕುಶಲತೆಯೇ ಕೇಡನ್ನು ಮುಚ್ಚಿಡುತ್ತಿತ್ತು. ಯಂತ್ರಗಳ ಕೈಪಿಡಿಗಳು ಲಕ್ಷಣಗಳನ್ನು ಸಾಲಾಗಿ ಹೇಳುತ್ತವೆ, ಆದರೆ ಲಕ್ಷಣವನ್ನು ಕಾಣಬೇಕಾದ ಮೈ ಅದಕ್ಕೆ ಒಗ್ಗಿಹೋಗಿರುತ್ತದೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಕಡೆಗೆ ಕಂಡುಹಿಡಿದವನು ಚಾಲಕನ ಭಾವಮೈದುನ. ಜ್ವರ ಬಂದಿದ್ದ ಒಂದು ದಿನ ಗಾಡಿಯನ್ನು ಆತನ ಕೈಗೆ ಕೊಟ್ಟು ಚೇರಂಬಾಡಿಗೆ ಕಳುಹಿಸಿದ್ದಾಯಿತು. ಸಂಜೆ ಬಂದವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ಈ ಗಾಡೀನ ನೀವು ಹೆಂಗೆ ಓಡಿಸ್ತೀರಿ ಭಾವಾ, ದೋಣಿ ಓಡಿಸಿದ ಹಾಗಿದೆ” ಎಂದ. ಭಾವನಿಗೆ ಸಿಟ್ಟು ಬಂದಿತು. ಮೂರು ವರ್ಷ ಗಾಡಿ ಓಡಿಸಿದವನು ಹದಿನೆಂಟು ವರ್ಷದವನಿಗೆ ಹೇಳುವುದೆಂದರೇನು! ರಾತ್ರಿ ನಿದ್ದೆ ಬಾರದೆ ಆ ಮಾತು ಕೊರೆಯಿತು. ಬೆಳಿಗ್ಗೆ ಜ್ವರ ಇಳಿದ ಮೇಲೆ ಆತ ಗಾಡಿಯನ್ನು ಓಡಿಸಲಿಲ್ಲ. ಅದರ ಸುತ್ತ ನಡೆದ.

ನಡೆಯುವುದು ಒಳ್ಳೆಯ ಉಪಾಯ. ಕುಳಿತ ಮೈ ಹೇಳದ್ದನ್ನು ನಿಂತ ಕಣ್ಣು ಹೇಳಬಲ್ಲದು. ಸರಕು ಇಳಿಸಿದ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರುಗಳ ಗಾಳಿಯನ್ನು ಸಮನಾಗಿಸಿ, ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ತಗಡಿನ ಅಂಚಿನವರೆಗೆ ಅಳೆಯಬೇಕು. ಎಡಬಲಗಳ ಅಳತೆ ಒಂದೇ ಇರಬೇಕು. ಆತ ಹೆಂಡತಿಯ ಹೊಲಿಗೆಯ ಟೇಪನ್ನು ತಂದು ಅಳೆದ. ಎಡಬದಿ ಎರಡು ಬೆರಳಗಲ ಕೆಳಗಿತ್ತು. ಮೂಲೆಯನ್ನು ಮೈಭಾರ ಹಾಕಿ ಅದುಮಿ ಕೈಬಿಟ್ಟರೆ ಅದು ಮೇಲೆದ್ದು ಒಮ್ಮೆ ಕುಸಿದು ನಿಲ್ಲಬೇಕು. ತೊಟ್ಟಿಲಿನಂತೆ ತೂಗಿದರೆ ಶಾಕಿನಲ್ಲಿ ಸತ್ವವಿಲ್ಲ. ಗಡುಸಾದ ಪಿಕಪ್ಪಿನ ಹಿಂಬದಿಯನ್ನು ಒಬ್ಬನೇ ಅದುಮುವುದು ಕಷ್ಟ. ಇಬ್ಬರು ಹತ್ತಿ ಕುಣಿಯಬೇಕು. ಬೀದಿಯ ಮಕ್ಕಳು ಆ ಕೆಲಸವನ್ನು ಸಂತೋಷದಿಂದ ಮಾಡಿಕೊಟ್ಟರು. ಟೈರಿನ ಮೈಮೇಲೆ ಅಂಗೈ ಆಡಿಸಿದರೆ ಸವೆತ ಒಂದೇ ಸಮನಾಗಿರಬೇಕು. ಅಲ್ಲಲ್ಲಿ ಬೋಗುಣಿಯಂತೆ ತಗ್ಗುಗಳು ಸಿಕ್ಕಿದರೆ ಆ ಚಕ್ರ ದಾರಿಯ ಮೇಲೆ ಉರುಳುವುದನ್ನು ಬಿಟ್ಟು ಜಿಗಿಯುತ್ತಿದೆ ಎಂದು ತಿಳಿಯಬೇಕು. ಹಿಂದಿನ ಎಡ ಟೈರಿನಲ್ಲಿ ಅಂಥ ಮೂರು ತಗ್ಗುಗಳು ಕೈಗೆ ಸಿಕ್ಕಿದುವು. ಶಾಕಿನ ಕೊಳವೆಯ ಮೇಲೆ ಎಣ್ಣೆ ಒಸರಿ ಧೂಳು ಕೆಸರಾಗಿ ಅಂಟಿತ್ತು.

ಇನ್ನೊಂದು ಪರೀಕ್ಷೆ ಹಳೆಯ ಮೆಕ್ಯಾನಿಕ್ಕರದು. ಕೆಟ್ಟ ದಾರಿಯಲ್ಲಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿದ ಕೂಡಲೇ, ಸುಡದಂತೆ ಎಚ್ಚರವಹಿಸಿ, ಎರಡು ಬದಿಯ ಶಾಕುಗಳನ್ನು ಮುಟ್ಟಿ ನೋಡುವುದು. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಮಾಡದ್ದು ತಣ್ಣಗಿರುತ್ತದೆ. ಮಳೆ ನಿಂತ ಹೊತ್ತಿನಲ್ಲಿ ಮತ್ತೂ ಒಂದು ಉಪಾಯವುಂಟು. ಒದ್ದೆ ರಸ್ತೆಯಿಂದ ಪೆಟ್ರೋಲ್ ಬಂಕಿನ ಒಣ ನೆಲದ ಮೇಲೆ ನೇರವಾಗಿ ಸಾಗಿದ ಗಾಡಿಯ ಜಾಡನ್ನು ಹಿಂದೆ ನಿಂತು ನೋಡುವುದು. ಹಿಂಚಕ್ರದ ಜಾಡು ಮುಂಚಕ್ರದ ಜಾಡಿನೊಂದಿಗೆ ಎರಡೂ ಬದಿಯಲ್ಲಿ ಒಂದೇ ಬಗೆಯಾಗಿ ಕೂಡಿಬರಬೇಕು. ಹಿಂಬದಿ ಒಂದೇ ಪಕ್ಕಕ್ಕೆ ಸರಿದು ನಾಯಿಯ ಓರೆ ಓಟದಂತೆ ಕಂಡರೆ, ಪಟ್ಟೆಗಳನ್ನು ಪೋಣಿಸಿದ ನಡುಬೋಲ್ಟು ತುಂಡಾಗಿ ಅಚ್ಚು ಸ್ಥಾನ ಬಿಟ್ಟಿರುವ ಸಂಭವವಿದೆ. ಅಂಥ ಗಾಡಿಯನ್ನು ಅಲ್ಲಿಂದ ಮುಂದೆ ಘಟ್ಟಕ್ಕೆ ಒಯ್ಯಬಾರದು. ಸದ್ದುಗಳಲ್ಲಿಯೂ ಭೇದವಿದೆ. ನಿಧಾನವಾಗಿ ಉಬ್ಬು ಹತ್ತುವಾಗಿನ ಕಿರ್‌ಗುಟ್ಟುವಿಕೆ ಒಣಗಿದ ಬುಶ್ಶಿನದು, ಅದಕ್ಕೆ ಒಂದು ವಾರ ಕಾಯಬಹುದು. ಗುಂಡಿಯಲ್ಲಿ ‘ಠಕ್’ ಎಂದು ಒಂದೇ ಏಟು ಬಿದ್ದರೆ ಸಡಿಲವಾದ ಯು ಬೋಲ್ಟನ್ನೋ ಸವೆದ ಶ್ಯಾಕಲನ್ನೋ ಅಂದೇ ನೋಡಬೇಕು.

ವರ್ಕ್‌ಶಾಪಿನಲ್ಲಿ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿದಾಗ ಹಿಂದಿನ ಎಡಗಡೆಯ ಕಟ್ಟಿನಲ್ಲಿ, ಪಟ್ಟೆಗಳ ಸಂದಿನಿಂದ ಕೆಂಪು ಪುಡಿ ಇಳಿದು ಬಂದ ಗೆರೆಯೊಂದು ಕಂಡಿತು. ಕುಂಕುಮದಂತೆ ನವಿರಾದ ತುಕ್ಕು. ಹೊರಗಿನಿಂದ ನೋಡಿದರೆ ಪಟ್ಟೆಗಳೆಲ್ಲ ಇದ್ದಂತೆಯೇ ಇದ್ದುವು. ಬಿಚ್ಚಬೇಕೇ ಎಂದು ಚಾಲಕ ಕೇಳಿದ. ಆ ಪ್ರಶ್ನೆಯಲ್ಲಿ ಒಂದು ದಿನದ ಬಾಡಿಗೆ ಇತ್ತು, ಬಹುಶಃ ಎರಡು ದಿನದ್ದು. ಅದರ ಹಿಂದೆ ತಿಂಗಳ ಐದನೆಯ ತಾರೀಖಿನ ಕಂತು ಇತ್ತು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಚಾಲಕ, ಮೇಲೊಂದು ದಪ್ಪ ಪಟ್ಟೆ ಸೇರಿಸಿ ಬಿಗಿದರೆ ಸಾಕು, ಗಂಟೆಯ ಕೆಲಸ, ಭಾರವನ್ನೂ ಹೆಚ್ಚು ಹಾಕಬಹುದು ಎಂದ. ಈ ಸಲಹೆ ಎಲ್ಲ ಘಟ್ಟದೂರುಗಳಲ್ಲಿಯೂ ಪುಕ್ಕಟೆಯಾಗಿ ಸಿಗುತ್ತದೆ. ಸೇರಿಸಿದ ಪಟ್ಟೆ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ನಿಜ; ಖಾಲಿ ಓಡುವಾಗ ಹಿಂಬದಿಯನ್ನು ಕುದುರೆಯಂತೆ ಒದೆಯುವಂತೆಯೂ ಮಾಡುತ್ತದೆ, ತಾನು ಬಾಗದೆ ಏಟನ್ನು ಚಾಸಿಗೂ ಅಚ್ಚಿಗೂ ದಾಟಿಸುತ್ತದೆ. ಗಾಡಿಯ ಬ್ರೇಕು, ಟೈರು, ಅಚ್ಚುಗಳು ಮೊದಲಿನ ಭಾರಕ್ಕೇ ಮಾಡಿದವೆಂಬುದನ್ನು ಆ ಒಂದು ಪಟ್ಟೆ ಮರೆಸುತ್ತದೆ. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡವಿದೆ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000. ದಂಡದ ಭಯಕ್ಕಿಂತ ಘಟ್ಟದ ಭಯ ದೊಡ್ಡದಾಗಬೇಕಿತ್ತು, ಹಾಗಾಗಿರುವಂತೆ ಕಾಣುವುದಿಲ್ಲ.

ವಯಸ್ಸಾದ ಮೆಕ್ಯಾನಿಕ್ ಯಾವ ವಾದವನ್ನೂ ಮಾಡಲಿಲ್ಲ. ಯು ಬೋಲ್ಟಿನ ನಟ್ಟುಗಳಿಗೆ ಎಣ್ಣೆ ಬಿಟ್ಟು, ಬೀಡಿ ಹಚ್ಚಿ, ಅವು ನೆನೆಯುವವರೆಗೆ ಕಾದ. ಕಟ್ಟು ಬಿಚ್ಚಿದಾಗ ಮೇಲಿನಿಂದ ಎರಡನೆಯ ಪಟ್ಟೆ ನಡುಬೋಲ್ಟಿನ ರಂಧ್ರದ ಬಳಿ ಎರಡು ತುಂಡಾಗಿ ಬಂದಿತು. ಆತ ಒಂದು ತುಂಡನ್ನು ಡೀಸೆಲ್ಲಿನಲ್ಲಿ ತೊಳೆದು, ಹಳೆಯ ಬನಿಯನ್ನಿನಿಂದ ಒರೆಸಿ, ಮುರಿದ ಮುಖವನ್ನು ಬೆಳಕಿಗೆ ಹಿಡಿದು ಚಾಲಕನಿಗೆ ತೋರಿಸಿದ. ಮುಖದ ಮುಕ್ಕಾಲು ಪಾಲು ಕಪ್ಪಾಗಿ, ನುಣುಪಾಗಿ, ಸಣ್ಣ ಅಲೆಗಳಂಥ ಗೆರೆಗಳಿಂದ ಕೂಡಿತ್ತು. ಉಳಿದ ಕಾಲುಪಾಲು ಸಕ್ಕರೆಯ ಹರಳಿನಂತೆ ಒರಟಾಗಿ ಹೊಳೆಯುತ್ತಿತ್ತು. ಹೊಳೆಯುವ ಭಾಗ ಮೊನ್ನೆ ಮೊನ್ನೆ ಒಂದೇ ಏಟಿಗೆ ಮುರಿದದ್ದು. ಕಪ್ಪು ಭಾಗ ಒಂದೊಂದು ಉಬ್ಬಿಗೆ, ಒಂದೊಂದು ಗುಂಡಿಗೆ ಇಷ್ಟಿಷ್ಟೇ ಸೀಳುತ್ತ, ಸೀಳಿದಲ್ಲಿ ನೀರು ಕುಡಿದು ತುಕ್ಕು ಹಿಡಿಯುತ್ತ ಬಂದದ್ದು.

“ಇದು ಎಷ್ಟು ದಿನದ್ದು?” ಎಂದು ಚಾಲಕ ಕೇಳಿದ.

“ದಿನ ಅಲ್ಲ” ಎಂದ ಮೆಕ್ಯಾನಿಕ್. ಮುಂದೆ ಹೇಳಲಿಲ್ಲ.

ಚಾಲಕ ಅದನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತ. ಬಸ್ಸುಗಳು ದೀಪ ಮಿಣುಕಿಸಲು ತೊಡಗಿದ್ದು ಮಳೆಗಾಲದ ಮೊದಲ ವಾರಗಳಲ್ಲಿ. ಅಲ್ಲಿಂದ ಎಣಿಸಿದರೆ ಗುಂಡ್ಲುಪೇಟೆಗೆ ವಾರಕ್ಕೆ ನಾಲ್ಕು ಸಲ. ಓಣಂ ಹೊತ್ತಿಗೆ ನಾಡುಕಾಣಿ ಘಟ್ಟದಲ್ಲಿ ಬಾಳೆಗೊನೆಯ ಭಾರ, ದಿನಕ್ಕೆರಡು ಬಾರಿ. ಆಮೇಲೆ ನಡುವಟ್ಟದ ನೆಂಟರ ಮನೆಯ ಮದುವೆ. ರಾತ್ರಿ ಮಂಜಿನಲ್ಲಿ ಇಳಿದು ಬರುವಾಗ ಹಿಂಬದಿಯಲ್ಲಿ ಟಾರ್ಪಾಲಿನಡಿ ಹದಿನಾಲ್ಕು ಜನ, ಅವರಲ್ಲಿ ಆತನ ತಾಯಿಯೂ ಇಬ್ಬರು ಮಕ್ಕಳೂ. ತಿರುವುಗಳಲ್ಲಿ ಗಾಡಿ ಒಲೆದಾಗಲೆಲ್ಲ ಮಕ್ಕಳು ಉಯ್ಯಾಲೆಯೆಂದು ಕೂಗಿ ನಕ್ಕದ್ದು ಆತನಿಗೆ ನೆನಪಿತ್ತು.

ಪಟ್ಟೆಯ ಕಟ್ಟುಗಳನ್ನೂ ಶಾಕುಗಳನ್ನೂ ಎರಡು ಬದಿಗೂ ಹೊಸದಾಗಿ ಹಾಕಿಸಿದ್ದಾಯಿತು. ಒಂದೇ ಬದಿಗೆ ಹಾಕಿದರೆ ಹೊಸದು ಎತ್ತರ, ಹಳೆಯದು ತಗ್ಗು ಆಗಿ ಮತ್ತೆ ವಾಲುವುದೆಂದು ಮೆಕ್ಯಾನಿಕ್ ಹೇಳಿದ್ದ. ಎರಡು ದಿನದ ಬಾಡಿಗೆ ಹೋಯಿತು. ಕಂತಿಗೆ ಭಾವಮೈದುನನ ಬಳಿಯೇ ಕೈಸಾಲ ಮಾಡಬೇಕಾಯಿತು. ಮುರಿದ ತುಂಡನ್ನು ಗೋಣಿಯ ಚೂರಿನಲ್ಲಿ ಸುತ್ತಿ ಆತ ಸೀಟಿನ ಕೆಳಗಿಟ್ಟುಕೊಂಡ. ತಗಡಿನ ಅಂಚಿನ ಎತ್ತರವನ್ನು ಟೇಪಿನಲ್ಲಿ ಅಳೆದು, ಆ ಅಂಕಿಗಳನ್ನು ಬಾಗಿಲಿನ ಒಳಬದಿಯಲ್ಲಿ ಬಣ್ಣದ ಪೆನ್ನಿನಿಂದ ಬರೆದ, ಎಡಕ್ಕೊಂದು, ಬಲಕ್ಕೊಂದು, ಜೊತೆಗೆ ತಾರೀಖು.

ಮೂರನೆಯ ದಿನ ಆರು ಗಂಟೆಗೆ ಕೆಕ್ಕನಹಳ್ಳದ ಗಡಿಯಲ್ಲಿ ದಾರಿ ತೆರೆಯಿತು. ಕಾಡಿನಲ್ಲಿ ಮಂಜು ಇನ್ನೂ ಕವಿದಿತ್ತು. ಮೊದಲ ಉಬ್ಬಿನಲ್ಲಿ ಗಾಡಿ ಒಮ್ಮೆ ಏರಿ ಇಳಿದು ನಿಂತಿತು. ಎದುರಿನಿಂದ ಮೈಸೂರಿನ ಬಸ್ಸು ಬಂದಿತು. ಚಾಲಕನ ಕೈ ಅಭ್ಯಾಸಬಲದಿಂದ ದೀಪದ ಗುಂಡಿಯತ್ತ ಹೋಯಿತು. ಬಸ್ಸು ಮಿಣುಕಿಸದೆ ಪಕ್ಕದಲ್ಲಿ ಹಾದುಹೋಯಿತು.